ಅರವತ್ನಾಲ್ಕು ವರ್ಷ ಹಂಗಾಮಿ

ನಮ್ಮ ಕೊಡಗಿನಲ್ಲಿ 40 ತುಂಬುವ ಮೊದಲೇ ರಿಟೈರ್ ಆದವರನ್ನು ಕಂಡರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಊರೂರಲ್ಲೂ ಮಿಲಿಟರಿ ಮನೆಗಳಿರುವ ಜಿಲ್ಲೆ ಇದು. 2022ರಲ್ಲಿ ಅಗ್ನಿಪಥ್ ಬರುವ ಮೊದಲು ಸಿಪಾಯಿಯಾಗಿ ಸೇರಿದವರಿಗೆ ಕನಿಷ್ಠ 15 ವರ್ಷ ಸರ್ವಿಸ್ ಮಾಡಿದರೆ ಪೆನ್ಷನ್ ಸಿಗುತ್ತದೆ. ಹತ್ತೊಂಬತ್ತಕ್ಕೋ ಇಪ್ಪತ್ತಕ್ಕೋ ಸೇರಿದವರು 36–37ಕ್ಕೆಲ್ಲ ಟ್ರಂಕು, ಕ್ಯಾಂಟೀನ್ ಕಾರ್ಡು ಹಿಡಿದು ವಾಪಸ್ ಬರುತ್ತಾರೆ. ಮಕ್ಕಳು ಇನ್ನೂ ಪ್ರೈಮರಿ ಸ್ಕೂಲು. ಆಮೇಲೆ ಬ್ಯಾಂಕಿನಲ್ಲಿ ಗಾರ್ಡ್ ಕೆಲಸ, ಇಲ್ಲ ಎಸ್ಟೇಟಿನಲ್ಲಿ ರೈಟರ್ ಕೆಲಸ, ಇಲ್ಲ ಮನೆಯದ್ದೇ ಎರಡೆಕರೆ ಕಾಫಿ. ಎರಡನೇ ಬದುಕು ಅಂತ ಒಂದು ಇರುತ್ತದೆ ಅನ್ನುವುದು ಇಲ್ಲಿನ ಮಕ್ಕಳಿಗೂ ಗೊತ್ತು.

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರದ್ದೇ ನೋಡಿ. 1919ರಲ್ಲಿ ಸೇನೆಗೆ ಸೇರಿದವರು 1953ರಲ್ಲಿ ನಿವೃತ್ತರಾದರು. ತೀರಿಕೊಂಡದ್ದು 1993ರಲ್ಲಿ. ಅಂದರೆ ಸರ್ವಿಸ್‌ಗಿಂತ ನಿವೃತ್ತಿಯೇ ಉದ್ದ. ಇದರಲ್ಲೊಂದು ತಮಾಷೆಯೂ ಇದೆ. 1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟರು. ಆ ಪದವಿಗೆ ನಿವೃತ್ತಿಯೇ ಇಲ್ಲ, ಬದುಕಿರುವವರೆಗೂ ಇರುತ್ತದೆ. ಮೂವತ್ತಮೂರು ವರ್ಷ ಮಾಜಿಯಾಗಿದ್ದವರು ಲೆಕ್ಕದ ಪ್ರಕಾರ ಮತ್ತೆ ಹಾಲಿ ಆದರು.

ಹಾಗಾಗಿ ನಮ್ಮ ಚಿಕ್ಕಪ್ಪ 33ನೇ ವಯಸ್ಸಿಗೆ ಫುಟ್‌ಬಾಲ್ ಬಿಟ್ಟಾಗ ಮನೆಯಲ್ಲಿ ಯಾರೂ ಅದನ್ನು ದೊಡ್ಡ ವಿಷಯ ಮಾಡಲಿಲ್ಲ. ಕೊಡಗು ಅಂದರೆ ಹಾಕಿ ಅಂತ ಹೊರಗಿನವರು ತಿಳಿದಿರುತ್ತಾರೆ. ತಪ್ಪೇನಲ್ಲ. ಆದರೆ ಸುಂಟಿಕೊಪ್ಪ, ಸಿದ್ದಾಪುರ, ಅಮ್ಮತ್ತಿ ಕಡೆ ಫುಟ್‌ಬಾಲ್ ಹುಚ್ಚೂ ಕಮ್ಮಿ ಇಲ್ಲ. ಚಿಕ್ಕಪ್ಪ ಅಂಥ ಒಂದು ಮೈದಾನದಿಂದ ಹೋಗಿ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ತಂಡದಲ್ಲಿ ಲೆಫ್ಟ್ ಬ್ಯಾಕ್ ಆಗಿದ್ದರು, ಅಂದರೆ ಹಿಂದೆ ನಿಂತು ಎಡಬದಿ ಕಾಯುವವರು. ಅವರ ಹೆಸರು ನಿಮಗೆ ಗೊತ್ತಿರಲ್ಲ. ಬ್ಯಾಕ್ ಆಡಿದವರ ಹೆಸರು ಯಾರಿಗೆ ಗೊತ್ತಿರುತ್ತದೆ ಹೇಳಿ.

ನಮ್ಮನ್ನು ಯೋಚನೆಗೆ ಹಚ್ಚಿದ್ದು ಚಿಕ್ಕಪ್ಪನ ರಿಟೈರ್‌ಮೆಂಟ್ ಅಲ್ಲ, ನಮ್ಮ ಹೋಂಸ್ಟೇಗೆ ಬಂದಿದ್ದ ಜರ್ಮನಿಯ ಒಬ್ಬ ಹೆಂಗಸು. ಅರವತ್ತು ದಾಟಿದವರು. ಮಳೆಗಾಲದಲ್ಲಿ ರೂಮಿನ ಬಾಡಿಗೆ ಕಮ್ಮಿ ಅಂತ ಜುಲೈನಲ್ಲಿ ಬಂದಿದ್ದರು. ಜುಲೈನಲ್ಲಿ ಕೊಡಗಿಗೆ ಬಂದರೆ ಏನು ನೋಡುತ್ತಾರೆ? ಮಳೆ ನೋಡುತ್ತಾರೆ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಹೊರಗೆ ಕಾಲಿಟ್ಟರೆ ಜಿಗಣೆ. ಸಂಜೆಯಾದರೆ ಜಗಲಿಯಲ್ಲಿ ಕೂತು ಮಾತಾಡುವುದೊಂದೇ ಕೆಲಸ. ಚಿಕ್ಕಪ್ಪನ ಮನೆ ಪಕ್ಕದಲ್ಲೇ. ಪೇಪರ್ ಓದುವ ನೆಪದಲ್ಲಿ ದಿನಾ ಬರುತ್ತಾರೆ.

“ಇವರಿಗೇನು ಕೆಲಸವಂತೆ?” ಅಂತ ನನ್ನನ್ನು ಕೇಳಿದರು.

“ಚರ್ಚಿನಲ್ಲಿ ಆರ್ಗನ್ ನುಡಿಸ್ತಾರಂತೆ.”

“ಹಾರ್ಮೋನಿಯಮ್ಮಾ?”

“ಅದಲ್ಲ, ದೊಡ್ಡದು. ಕೊಳವೆ ಇರುತ್ತಲ್ಲ, ಅದು.”

“ಅದಕ್ಕೆ ಸಂಬಳ ಕೊಡ್ತಾರಾ?”

ನನಗೂ ಅದೇ ಪ್ರಶ್ನೆ ಇತ್ತು, ಕೇಳಲು ಸಂಕೋಚ. ಚಿಕ್ಕಪ್ಪನಿಗೆ ಅಂಥದ್ದೇನೂ ಇಲ್ಲ. ಕಾರ್ಖಾನೆಯ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿಬಿಟ್ಟರು. ಅವರೂ ನಗುತ್ತಾ ಹೇಳಿದರು. ಕೊಡುತ್ತಾರಂತೆ, ಪೆನ್ಷನ್ನೂ ಇದೆಯಂತೆ. ಆದರೆ ಅಂಥ ಪೂರ್ತಿ ಸಂಬಳದ ಕೆಲಸ ಎಲ್ಲರಿಗೂ ಸಿಗುವುದಿಲ್ಲ. ಆರ್ಗನ್ ಕಟ್ಟುವ ಮತ್ತು ನುಡಿಸುವ ವಿದ್ಯೆಯನ್ನು ಯುನೆಸ್ಕೋ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಾಗ ಜರ್ಮನಿಯ ಲೆಕ್ಕವೂ ಅದರಲ್ಲಿತ್ತು. 50,000 ಆರ್ಗನ್‌ಗಳು, ಪೂರ್ಣಾವಧಿ ಆರ್ಗನಿಸ್ಟರು ಸುಮಾರು 3,500. ಉಳಿದ ಕಡೆಯೆಲ್ಲ ನುಡಿಸುವವರು ಬೇರೆ ಕೆಲಸ ಇಟ್ಟುಕೊಂಡು ಭಾನುವಾರ ಬಂದು ಕೂರುವವರು. ಹತ್ತಾರು ಸಾವಿರ ಜನ.

ಮಾರನೇ ದಿನ ಅವರು ಆರ್ಗನ್ನಿನ ಪೆಡಲನ್ನು ಕಾಲಿನಿಂದ ನುಡಿಸುವಾಗ ಹಾಕುವ ತಮ್ಮ ಶೂ ತೋರಿಸಿದರು. ರಜೆಗೆ ಬರುವಾಗಲೂ ಆ ಶೂ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದರು! ಎಲ್ಲಿ ಹೋದರೂ ಯಾರಾದರೂ ಒಂದು ಹಾಡು ನುಡಿಸಿ ಅಂತ ಕೇಳುತ್ತಾರಂತೆ. ಕಪ್ಪು ಚರ್ಮದ್ದು, ಬಟ್ಟೆ ಚೀಲದಲ್ಲಿ ಸುತ್ತಿಟ್ಟಿದ್ದರು. ಅದನ್ನು ಹಾಕಿಕೊಂಡು ರಸ್ತೆಯಲ್ಲಿ ನಡೆಯುವ ಹಾಗಿಲ್ಲ. ಒಂದು ಹರಳು ಮರಳು ಅಂಟಿಕೊಂಡರೂ ಪೆಡಲಿನ ಮರ ಗೀಚಿ ಹೋಗುತ್ತದೆ.

ಚಿಕ್ಕಪ್ಪ ಕೇಳದೆಯೇ ಒಂದು ಶೂ ಎತ್ತಿಕೊಂಡರು. ಅಂಗಡಿಯಲ್ಲಿ ಬೂಟು ಆರಿಸುವಾಗ ಮಾಡುವ ಹಾಗೆ ಮುಂದಿನ ಅರ್ಧ ಮಡಚಿ ನೋಡಿದರು. ಅಟ್ಟೆ ತೀರಾ ತೆಳು, ಬೆರಳಿಟ್ಟರೆ ಆ ಕಡೆ ತಿಳಿಯುತ್ತದೆ. ಹಿಮ್ಮಡಿ ಮಾತ್ರ ಎತ್ತರ. ಆಮೇಲೆ ಶೂ ತಿರುಗಿಸಿ ತಳ ನೋಡಿದರು. ಹೆಬ್ಬೆರಳಿನ ಒಳಬದಿಯಲ್ಲಿ ಚರ್ಮ ಸವೆದು ಹೊಳೆಯುತ್ತಿತ್ತು, ಹೊರಬದಿ ಹೊಸದರ ಹಾಗೇ ಇತ್ತು.

“ಒಳಗಾಲು” ಅಂದರು ನನಗೆ. “ನಾವು ಪಾಸ್ ಕೊಡೋದೂ ಇಲ್ಲಿಂದಲೇ.”

ಅದನ್ನು ಅತಿಥಿಗೆ ಹೇಳಿದಾಗ ಎದ್ದು ನಿಂತೇಬಿಟ್ಟರು. ಹೌದಂತೆ. ಪೆಡಲನ್ನು ಪಾದದ ಒಳ ಅಂಚಿನಿಂದ ಒತ್ತಬೇಕು, ಮಂಡಿ ಹತ್ತಿರ ಹತ್ತಿರ ಇರಬೇಕು, ಕಾಲು ನೋಡಬಾರದು. ಕಾಲಡಿಯಲ್ಲಿ ಸುಮಾರು 30 ಮರದ ಕೀಲಿಗಳಿರುತ್ತವೆ. ಬಲಗೈಗೊಂದು ಸಾಲು, ಎಡಗೈಗೊಂದು ಸಾಲು ಬರೆದಿರುವ ಹಾಗೆ ಕಾಲಿಗೂ ಸ್ವರದ ಹಾಳೆಯಲ್ಲಿ ಮೂರನೇ ಸಾಲು ಬೇರೆಯೇ ಇರುತ್ತದೆ. ಬೆರಳಿನಿಂದ ಒತ್ತುವುದಕ್ಕೆ ಒಂದು ಗುರುತು, ಹಿಮ್ಮಡಿಗೆ ಇನ್ನೊಂದು. ಗುರುತು ಗೆರೆಯ ಮೇಲಿದ್ದರೆ ಬಲಗಾಲು, ಕೆಳಗಿದ್ದರೆ ಎಡಗಾಲು. ಕಾಲು ಎಟುಕುವಷ್ಟು ಬೆಳೆಯುವವರೆಗೆ ಮಕ್ಕಳನ್ನು ಆರ್ಗನ್ ಮುಂದೆ ಕೂರಿಸುವುದೂ ಕಷ್ಟ. ಅಲ್ಲಿಯವರೆಗೆ ಪಿಯಾನೋ.

“ನೋಡದೇ ಆಡೋದು ನಮಗೂ ಹೇಳ್ತಿದ್ದರು. ತಲೆ ಎತ್ತು, ತಲೆ ಎತ್ತು ಅಂತ ಬೈಗುಳ” ಅಂದರು ಚಿಕ್ಕಪ್ಪ. ಆರ್ಗನ್ ನುಡಿಸುವವರು ಜನಕ್ಕೆ ಬೆನ್ನು ಹಾಕಿ ಕೂತಿರುತ್ತಾರೆ, ಪಾದ್ರಿ ಏನು ಮಾಡುತ್ತಿದ್ದಾರೆ ಅಂತ ನೋಡಲು ಮುಂದೊಂದು ಕನ್ನಡಿ ಇರುತ್ತದೆ ಅಂತ ಗೊತ್ತಾದಾಗ, ಆ ಕನ್ನಡಿ ತಮಗೂ ಇದ್ದಿದ್ದರೆ ಎಷ್ಟೋ ಗೋಲು ತಪ್ಪುತ್ತಿತ್ತು ಅಂತ ನಕ್ಕರು.

ಆ ದೊಡ್ಡ ವಾದ್ಯ ನಾನು ಕಣ್ಣಾರೆ ಕಂಡವನಲ್ಲ. ಆದರೆ ಅದರ ಕೆಲಸ ಅರ್ಥವಾಗದ್ದೇನಲ್ಲ. ಒಂದು ಪೆಟ್ಟಿಗೆಯಲ್ಲಿ ಗಾಳಿ ತುಂಬಿರುತ್ತದೆ, ಮೇಲೆ ಕೊಳವೆಗಳ ಸಾಲು. ಕೀಲಿ ಒತ್ತಿದರೆ ಆಯಾ ಕೊಳವೆಗೆ ಗಾಳಿ ಹೋಗುತ್ತದೆ. ಸಣ್ಣ ಕೊಳವೆ ಪೆನ್ಸಿಲಿನಷ್ಟು, ದೊಡ್ಡದು 32 ಅಡಿ. ಪ್ಯಾರಿಸ್ಸಿನ ನೋತ್ರ್ ದಾಮ್‌ನಲ್ಲಿರುವುದಕ್ಕೆ ಸುಮಾರು 8,000 ಕೊಳವೆ. 2019ರ ಬೆಂಕಿಯಲ್ಲಿ ಚರ್ಚಿನ ಚಾವಣಿ ಕುಸಿದರೂ ಅದು ಉಳಿಯಿತು. ಬಿಚ್ಚಿ, ಸೀಸದ ಧೂಳು ತೆಗೆದು, ಜೋಡಿಸಿ, 2024ರ ಡಿಸೆಂಬರ್‌ನಲ್ಲಿ ಮತ್ತೆ ನುಡಿಸಿದರು. ಕರೆಂಟ್ ಬರುವ ಮೊದಲು ಗಾಳಿ ತುಂಬಲು ಆಳುಗಳಿದ್ದರು. ತಿದಿ ತುಳಿಯುವುದೇ ಅವರ ಕೆಲಸ, ಅದಕ್ಕೆ ಕೂಲಿ. ಆರ್ಗನಿಸ್ಟ್ ಒಬ್ಬನೇ ಹೋಗಿ ಪ್ರಾಕ್ಟೀಸ್ ಮಾಡುತ್ತೇನೆ ಅಂದರೆ ಆಗುತ್ತಿರಲಿಲ್ಲ. ತುಳಿಯುವವರು ಬೇಕು. ಅವರ ಹೆಸರು ಲೆಫ್ಟ್ ಬ್ಯಾಕುಗಳ ಹೆಸರಿಗಿಂತಲೂ ಕಷ್ಟ.

ಈಗ ವಿಷಯಕ್ಕೆ ಬರುತ್ತೇನೆ. ಶಾರ್ಲ್ ಮರಿ ವಿದೋರ್ ಅಂತ ಫ್ರಾನ್ಸಿನ ಒಬ್ಬ ಆರ್ಗನಿಸ್ಟ್. 1870ರಲ್ಲಿ, 25ನೇ ವಯಸ್ಸಿಗೆ, ಪ್ಯಾರಿಸ್ಸಿನ ಸೇಂಟ್ ಸುಲ್ಪೀಸ್ ಚರ್ಚಿಗೆ ಹಂಗಾಮಿಯಾಗಿ ನೇಮಕವಾದರು. ಅಲ್ಲಿಂದ ಎದ್ದದ್ದು 1933ರ ಕೊನೆಗೆ, 89ನೇ ವಯಸ್ಸಿಗೆ! 64 ವರ್ಷ. ನಮ್ಮ ಕಾಲೇಜುಗಳ ಅತಿಥಿ ಉಪನ್ಯಾಸಕರು ಇದನ್ನು ಓದಿದರೆ ನಗಬೇಕೋ ಅಳಬೇಕೋ ಗೊತ್ತಾಗದು. ಅವರ ನಂತರ ಬಂದ ಮಾರ್ಸೆಲ್ ದ್ಯುಪ್ರೆ 1971ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಅಂದರೆ ಒಂದು ಶತಮಾನಕ್ಕೆ ಇಬ್ಬರೇ. ಅದೇ ಊರಿನ ಇನ್ನೊಂದು ಚರ್ಚಿನಲ್ಲಿ ಒಲಿವಿಯೆ ಮೆಸ್ಸಿಯಾನ್ 1931ರಿಂದ 1992ರವರೆಗೆ. ಅವರೂ ಸಾಯುವವರೆಗೆ.

ಚಿಕ್ಕಪ್ಪನಿಗೆ ಹಿಡಿಸಿದ್ದು ಲೂಯಿ ವಿಯರ್ನ್ ಅವರ ಕತೆ. ಹುಟ್ಟಿನಿಂದಲೇ ಕಣ್ಣು ಮಂಜು. ನೋತ್ರ್ ದಾಮ್‌ನ ಆರ್ಗನಿಸ್ಟ್. 1906ರಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಬಿದ್ದು ಕಾಲು ಕೆಟ್ಟದಾಗಿ ಮುರಿಯಿತು. ಕಾಲು ಕತ್ತರಿಸಬೇಕಾದೀತು ಅನ್ನುವ ಸ್ಥಿತಿ. ಹೇಗೋ ಉಳಿಯಿತು. ಆದರೆ ಪೆಡಲ್ ತುಳಿಯುವುದನ್ನು ಮೊದಲಿನಿಂದ ಕಲಿಯಬೇಕಾಯಿತು. ಕಲಿತರು. 1937ರ ಜೂನ್ 2ರಂದು ಅದೇ ಆರ್ಗನ್ನಿನ ಮುಂದೆ ಕಛೇರಿ ನಡೆಸುತ್ತಿದ್ದಾಗ ಕುಸಿದು ಬಿದ್ದು ತೀರಿಕೊಂಡರು. ಬೀಳುವಾಗ ಕಾಲು ಪೆಡಲಿಗೆ ತಾಗಿ ಒಂದು ಮಂದ್ರ ಸ್ವರ ಚರ್ಚಿನ ತುಂಬ ಕೇಳಿಸಿತಂತೆ.

“ಕಾಲು ಮುರಿದ ಮೇಲೆ 31 ವರ್ಷ” ಅಂದರು ಚಿಕ್ಕಪ್ಪ. ಸಾವಿನ ವಿಷಯ ಅವರಿಗೆ ಮುಖ್ಯ ಆಗಲಿಲ್ಲ. “ನನಗೆ ಮುರಿದಿರಲಿಲ್ಲ. ಲಿಗಮೆಂಟ್ ಅಷ್ಟೇ.”

ಅವರ ಕಾಲದಲ್ಲಿ ಲಿಗಮೆಂಟಿಗೆ ಇದ್ದ ಚಿಕಿತ್ಸೆ ಅಂದರೆ ಐಸು, ಕ್ರೇಪ್ ಬ್ಯಾಂಡೇಜು, ಮೇಲಿಂದ ಒಂದಷ್ಟು ರೆಸ್ಟು. ಎರಡು ಸೀಸನ್ ಹಾಗೆ ಹೀಗೆ ತಳ್ಳಿದರು. ಆಮೇಲೆ ಒಂದು ದಿನ ಪಟ್ಟಿಯಲ್ಲಿ ಹೆಸರಿರಲಿಲ್ಲ. ಕಾರ್ಖಾನೆಯ ತಂಡಗಳ ಒಂದು ಒಳ್ಳೆಯ ಗುಣ ಏನು ಅಂದರೆ ಕೆಲಸ ಹೋಗುತ್ತಿರಲಿಲ್ಲ. ಆಡುವಷ್ಟು ದಿನ ಬೆಳಿಗ್ಗೆ ಹಾಜರಿ ಹಾಕಿ ಮೈದಾನಕ್ಕೆ ಹೋಗುವುದು. ಆಟ ನಿಂತ ಮೇಲೆ ಎಲ್ಲರ ಹಾಗೆ ಶಿಫ್ಟು. ಚಿಕ್ಕಪ್ಪನನ್ನು ಸ್ಟೋರ್ಸ್‌ಗೆ ಹಾಕಿದರು. ಬೋಲ್ಟು, ನಟ್ಟು, ವಾಷರ್ ಎಣಿಸಿ ಕೊಡುವುದು, ರಿಜಿಸ್ಟರಿನಲ್ಲಿ ಬರೆಯುವುದು. ಹತ್ತು ವರ್ಷ ಒಂದೇ ವಿಭಾಗದಲ್ಲಿ ಹೆಸರಿದ್ದರೂ ಅಲ್ಲಿನ ಕೆಲಸ ಗೊತ್ತಿರಲಿಲ್ಲ. ಪಕ್ಕದ ಟೇಬಲ್ಲಿನ ಹುಡುಗ ಕಲಿಸಿದನಂತೆ. “ಕಷ್ಟ ಆಗಿದ್ದು ಆಟ ಬಿಟ್ಟಿದ್ದಲ್ಲ. ಸಂಜೆ ನಾಲ್ಕು ಗಂಟೆಗೆ ಕುರ್ಚಿಯಲ್ಲಿ ಕೂತಿರೋದು” ಅನ್ನುತ್ತಾರೆ.

ಅಂಥ ಕಾರ್ಖಾನೆಗಳ ಕಾಲ ಬೆಂಗಳೂರಿನ ಫುಟ್‌ಬಾಲಿಗೆ ಒಳ್ಳೆಯ ಕಾಲವೇ ಆಗಿತ್ತು. ಅದಕ್ಕೂ ಹಿಂದೆ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಆ ಪಂದ್ಯದಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು, 1–2ರಿಂದ ಸೋತರು. ಮೈಸೂರು ರಾಜ್ಯ 1968–69ರಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದ ಮೇಲೆ ಕರ್ನಾಟಕ ಅದನ್ನು ಮತ್ತೆ ಗೆಲ್ಲಲು 54 ವರ್ಷ ಬೇಕಾಯಿತು. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯದ ವಿರುದ್ಧ 3–2. ಆ ರಾತ್ರಿ ಚಿಕ್ಕಪ್ಪ ಮೊಬೈಲ್ ಹಿಡಿದು ಸಿಗ್ನಲ್ ಸಿಗುವ ಗೇಟಿನ ಹತ್ತಿರ ನಿಂತಿದ್ದರು.

ಈಗ ಆಟಗಾರರಿಗೆ ದುಡ್ಡು ಜಾಸ್ತಿ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬಂದ ಮೇಲಂತೂ ಕೇಳುವುದೇ ಬೇಡ. ಆದರೆ ಸ್ಟೋರ್ಸ್‌ನ ಕುರ್ಚಿ ಇಲ್ಲ. ಕ್ಲಬ್ಬುಗಳೇ ಮುಚ್ಚಿಹೋಗುತ್ತವೆ. ಮುಂಬೈಯ ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಬಾಗಿಲು ಹಾಕಿದವು. ಜೆಸಿಟಿಗೂ ಈಸ್ಟ್ ಬೆಂಗಾಲಿಗೂ ಆಡಿದ, ಭಾರತ ತಂಡದ ನಾಯಕರಾಗಿದ್ದ ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್ ಆಟ ಬಿಟ್ಟ ಮೇಲೆ ಕೋಚ್ ಆಗಿ ಊರೂರು ತಿರುಗಿದರು. 2020ರಲ್ಲಿ 49ನೇ ವಯಸ್ಸಿಗೆ ಹೋಗಿಬಿಟ್ಟರು. ಆರ್ಗನಿಸ್ಟರ ಲೆಕ್ಕದಲ್ಲಿ 49 ಅಂದರೆ ಅರ್ಧ ದಾರಿ.

ದೇಹ ಸವೆಯುತ್ತದೆ, ಅದಕ್ಕೇ ಫುಟ್‌ಬಾಲ್ ಬೇಗ ಮುಗಿಯುತ್ತದೆ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ನನಗೆ ಅದು ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ಆರ್ಗನಿಸ್ಟರ ಬೆರಳಿಗೂ ಸಂಧಿವಾತ ಬರುತ್ತದೆ, ಸೊಂಟ ಹಿಡಿಯುತ್ತದೆ. ನಮ್ಮ ಅತಿಥಿಯೇ ಹೇಳಿದರು, 30ರಲ್ಲಿ ನುಡಿಸುತ್ತಿದ್ದ ಕೆಲವು ಕೃತಿಗಳನ್ನು ಈಗ ಮುಟ್ಟುವುದಿಲ್ಲ ಅಂತ. ಆದರೂ ಭಾನುವಾರ ಬಿಡುವುದಿಲ್ಲ. ಮಂಗಳವಾರ ಯಾರೋ ಸತ್ತಿರುತ್ತಾರೆ, ಶನಿವಾರ ಯಾರದೋ ಮದುವೆ, ಗುರುವಾರ ಮಕ್ಕಳ ಗಾಯನ ತಂಡ. ಅಲ್ಲಿಗೆ ಬೇಕಾಗಿರುವುದು ಜಗತ್ತಿನ ಅತಿ ವೇಗದ ಬೆರಳು ಅಲ್ಲ. ಹಾಡು ಶುರುವಾಗುವ ಹೊತ್ತಿಗೆ ಬೆಂಚಿನ ಮೇಲೆ ಒಬ್ಬರು ಇರಬೇಕು. ಅವರ ಊರಿನಲ್ಲಿ ಆ ಬೆಂಚಿಗೆ ಇನ್ನೊಬ್ಬರು ಸಿಗುತ್ತಿಲ್ಲ. ಫುಟ್‌ಬಾಲಿನಲ್ಲಿ 11 ಜಾಗಕ್ಕೆ ಹೊರಗೆ ಎಷ್ಟು ಹುಡುಗರು ಕಾಯುತ್ತಿರುತ್ತಾರೆ ನೀವೇ ನೋಡಿದ್ದೀರಿ. 33ರವನ ಮಂಡಿ ಚೆನ್ನಾಗಿದ್ದರೂ 22ರವನು ಗೇಟಿನಲ್ಲಿ ನಿಂತಿದ್ದಾನೆ. ಕೆಲಸ ಎಲ್ಲಿಯವರೆಗೆ ಅನ್ನುವುದನ್ನು ಮಂಡಿಗಿಂತ ಆ ಗೇಟು ತೀರ್ಮಾನ ಮಾಡುತ್ತದೆ.

ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್ 50 ತುಂಬಿದ ಮೇಲೂ 1965ರಲ್ಲಿ ಮೊದಲ ಡಿವಿಜನ್ ಪಂದ್ಯ ಆಡಿದರು. ಅಂಥವರು ಒಬ್ಬರೋ ಇಬ್ಬರೋ. ಸುನಿಲ್ ಛೇತ್ರಿ 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ವಿದಾಯ ಹೇಳಿದರು. ನಮ್ಮ ಮನೆಯಲ್ಲೂ ಕಣ್ಣು ಒದ್ದೆಯಾಯಿತು. 2025ರ ಮಾರ್ಚಿನಲ್ಲಿ ವಾಪಸ್ ಕರೆದರು, ಮಾಲ್ದೀವ್ಸ್ ವಿರುದ್ಧ ಗೋಲೂ ಹೊಡೆದರು. ಆಗ ಅವರಿಗೆ 40. ಅದನ್ನು ಕೆಲವರು ಛೇತ್ರಿಯ ಹಿರಿಮೆ ಅಂದರು. ಚಿಕ್ಕಪ್ಪ, “ಗೇಟಿನಲ್ಲಿ ಯಾರೂ ಇಲ್ಲ ಅಂತ ಅರ್ಥ” ಅಂದರು. ನನ್ನ ಮಾತು ನನಗೇ ತಿರುಗಿಸಿದ್ದರು, ಆದರೆ ಒಪ್ಪಲೇಬೇಕು.

ನಮ್ಮಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವ ಈಗ ನೂರಾರು ಮನೆತನಗಳ ಹಬ್ಬ. ಅಲ್ಲಿ ತಂಡ ಅಂದರೆ ಕುಟುಂಬ. ಕುಟುಂಬ ಸಣ್ಣದಾದರೆ 11 ಜನ ಎಲ್ಲಿಂದ ತರುವುದು? ಅಪ್ಪ, ಮಗಳು, ಅತ್ತೆ, ಅಜ್ಜ ಎಲ್ಲ ಇಳಿಯುತ್ತಾರೆ. ಒಲಿಂಪಿಯನ್ ಪಕ್ಕದಲ್ಲಿ ಅರವತ್ತರ ತಾತ ಸ್ಟಿಕ್ ಹಿಡಿದು ಓಡುವುದನ್ನು ಬೇರೆಲ್ಲಿ ನೋಡುತ್ತೀರಿ? 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಎಂ.ಪಿ. ಗಣೇಶ್ ಕೂಡ ಮೊದಲು ಕೊಡಗಿಗೆ ಫುಟ್‌ಬಾಲ್ ಆಡಿದವರು ಅನ್ನುವುದನ್ನು ಚಿಕ್ಕಪ್ಪ ಹಾಕಿಯವರ ಮುಂದೆ ತಪ್ಪದೆ ಹೇಳುತ್ತಾರೆ.

ಮಳೆ ಸ್ವಲ್ಪ ಬಿಟ್ಟ ದಿನ ಅತಿಥಿಯನ್ನು ಮಡಿಕೇರಿ ಕೋಟೆಗೆ ಕರೆದುಕೊಂಡು ಹೋದೆವು. ಕೋಟೆಯೊಳಗೆ 1859ರ ಸೇಂಟ್ ಮಾರ್ಕ್ಸ್ ಚರ್ಚ್ ಇದೆ, ಈಗ ಅದು ಸರ್ಕಾರಿ ಮ್ಯೂಸಿಯಂ. ಬಣ್ಣದ ಗಾಜಿನ ಕಿಟಕಿ ನೋಡಿದರು. ಮ್ಯೂಸಿಯಂನಲ್ಲಿ ಚಪ್ಪಾಳೆ ತಟ್ಟುವುದು ಸರಿಯಲ್ಲ, ಆದರೂ ಒಮ್ಮೆ ತಟ್ಟಿ ತಲೆ ಎತ್ತಿ ಕೇಳಿಸಿಕೊಂಡರು. ದನಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡುವುದಂತೆ, ಅಭ್ಯಾಸ. ಬರುವಾಗ ಒಂದು ಸಣ್ಣ ಇಗರ್ಜಿಯಲ್ಲಿ ಮೂಲೆಗೆ ಸರಿಸಿಟ್ಟ ಕಾಲಿನಲ್ಲಿ ತುಳಿಯುವ ಹಾರ್ಮೋನಿಯಂ ಸಿಕ್ಕಿತು. ಅವರು ಆ ಶೂ ಹಾಕಿಕೊಂಡೇ ಕೂತರು. ತಿದಿಯ ಚರ್ಮಕ್ಕೆ ಬೂಷ್ಟು, ಕೀಲಿಗಳು ಊದಿ ಒಂದಕ್ಕೊಂದು ಅಂಟಿಕೊಂಡಿದ್ದವು. ತುಳಿದಷ್ಟೂ ಗಾಳಿ ಸೋರಿ ಬುಸ್ ಅಂತಿತ್ತು. ನಮ್ಮ ಮಳೆಗಾಲಕ್ಕೆ ತಡೆಯುವ ಮರ, ಚರ್ಮ ಯಾವುದಿದೆ? ಆದರೂ ಎರಡು ಸ್ವರ ಹೊರಟವು. ಎರಡರಲ್ಲೇ ಏನೋ ನುಡಿಸಿದರು, ಅಲ್ಲಿದ್ದ ಮಕ್ಕಳು ನಕ್ಕರು.

“ಅವರದ್ದು ರಿಪೇರಿಯವರು ಬಂದರೆ ಸರಿಹೋಗುತ್ತೆ” ಅಂತ ಚಿಕ್ಕಪ್ಪ ಮಂಡಿ ಉಜ್ಜಿಕೊಂಡರು. ಜೀಪು ಹತ್ತುವಾಗ ಅವರಿಗೆ ಎಡಗಾಲು ಮೊದಲು ಎತ್ತಲು ಆಗುವುದಿಲ್ಲ.

ಜರ್ಮನಿಯ ದೊಡ್ಡ ಸಂಗೀತಗಾರ ಬಾಖ್ ಅವರ ಕತೆ ಬಂದದ್ದು ಆ ಜೀಪಿನಲ್ಲೇ. 1705ರಲ್ಲಿ, ಇಪ್ಪತ್ತರ ಹುಡುಗ, ಆರ್ನ್‌ಸ್ಟಾಟ್ ಊರಿನ ಆರ್ಗನಿಸ್ಟ್. ಲೂಬೆಕ್‌ನಲ್ಲಿ ಬುಕ್ಸ್ತೆಹೂದೆ ಅನ್ನುವ ಹಿರಿಯರು ನುಡಿಸುವುದನ್ನು ಕೇಳಬೇಕು ಅಂತ ನಾಲ್ಕು ವಾರ ರಜೆ ಕೇಳಿ ಹೋದರು. ಸುಮಾರು 400 ಕಿಲೋಮೀಟರ್, ನಡೆದೇ ಹೋದರಂತೆ. ವಾಪಸ್ ಬಂದದ್ದು ನಾಲ್ಕು ತಿಂಗಳಾದ ಮೇಲೆ. ಚರ್ಚಿನ ಹಿರಿಯರು ಕರೆದು ವಿಚಾರಿಸಿದರು. ಕೆಲಸದಿಂದ ತೆಗೆಯಲಿಲ್ಲ. “ಕ್ಯಾಂಪಿನಿಂದ ನಾಲ್ಕು ದಿನ ತಪ್ಪಿಸಿಕೊಂಡಿದ್ದರೆ ನಮ್ಮನ್ನು ಮನೆಗೆ ಕಳಿಸ್ತಿದ್ದರು” ಅಂತ ಚಿಕ್ಕಪ್ಪನಿಗೆ ಇವತ್ತಿಗೂ ಹೊಟ್ಟೆಕಿಚ್ಚು.

ಅತಿಥಿ ಊರಿಗೆ ಹೋದ ಮೇಲೂ ಆಗಾಗ ಮೆಸೇಜ್ ಮಾಡುತ್ತಾರೆ. ಅವರಿಗೆ ಪೆನ್ಷನ್ ಶುರುವಾಗಿದೆ. ಬದಲಿಗೆ ಬರಬೇಕಾದವರು ಇನ್ನೂ ಬಂದಿಲ್ಲ, ಹಾಗಾಗಿ ಭಾನುವಾರ ಇವರೇ ಹೋಗುತ್ತಿದ್ದಾರೆ. ಹಂಗಾಮಿ.

ಇಲ್ಲಿ ಈ ವರ್ಷದ ಕೆಸರುಗದ್ದೆ ಕ್ರೀಡಾಕೂಟಕ್ಕೆ ನಮ್ಮ ಊರಿನ ಫುಟ್‌ಬಾಲ್ ತಂಡಕ್ಕೆ ಜನ ಸಾಲುತ್ತಿಲ್ಲ. ಹುಡುಗರೆಲ್ಲ ಬೆಂಗಳೂರು, ಮೈಸೂರು. ಸಂಘದವರು ಬಂದು ಚಿಕ್ಕಪ್ಪನನ್ನು ಗೋಲಿಗೆ ನಿಲ್ಲಿ ಅಂತ ಕೇಳಿದರು. ನಿಂತರೆ ಬ್ಯಾಕ್, ಗೋಲಿಗೆ ಬೇರೆಯವರನ್ನು ನೋಡಿಕೊಳ್ಳಿ ಅಂತ ಇವರು ಹಠ ಹಿಡಿದಿದ್ದಾರೆ. ಮಂಡಿ ಡಾಕ್ಟರ ಹತ್ತಿರ ಹೋಗಬೇಕಾದರೆ ಆ ಸಂಘದವರೇ ಕರೆದುಕೊಂಡು ಹೋಗಲಿ, ತಾನು ಬರುವುದಿಲ್ಲ ಅಂತ ಚಿಕ್ಕಮ್ಮ ಮೊದಲೇ ಹೇಳಿಟ್ಟಿದ್ದಾರೆ.